ಎರಡಕ್ಕೆ ಎರಡು

ಮಾರ್ಚ್ 3, ಸೋಮವಾರ

ದಿನಚರಿ ಬರೆಯುವ ಚಟ ನನಗಿಲ್ಲ. ಈ ಪುಸ್ತಕ ಲಾಂಡ್ರಿಯವರು ಕೊಟ್ಟದ್ದು. ರಟ್ಟಿನ ಮೇಲೆ ಸೂರ್ಯಕಾಂತಿ ಹೂವು, ಅದರ ಕೆಳಗೆ ‘ಮನಸ್ಸಿನ ಮಾತು’ ಎಂದು ಅಚ್ಚು. ಹೋದ ಸೋಮವಾರ ನಮ್ಮ ಇಸ್ತ್ರಿ ನಡೆಯುವ ದೊಡ್ಡ ಹಾಲಿನಲ್ಲಿ ಹಬೆಯ ಪೈಪು ಸಿಡಿಯಿತಲ್ಲ, ಆಗ ಅಲ್ಲಿದ್ದವರೆಲ್ಲ ಇದರಲ್ಲಿ ಬರೆದರೆ ಮನಸ್ಸು ಹಗುರಾಗುತ್ತದಂತೆ. ಭಾರವಾಗಿದ್ದರೆ ತಾನೇ ಹಗುರಾಗಲಿಕ್ಕೆ? ಆದರೂ ಇಪ್ಪತ್ತಾರು ವರ್ಷ ಇಲ್ಲಿ ದುಡಿದ ಮೇಸ್ತ್ರಿ ನಾನು, ವಹಿಸಿದ ಕೆಲಸ ಬಿಟ್ಟವನಲ್ಲ. ಯಾರೂ ಓದುವುದಿಲ್ಲ ಎಂದು ಮ್ಯಾನೇಜರ್ ಮಾತು ಕೊಟ್ಟಿದ್ದಾರೆ. ಎಷ್ಟು ಪುಟ ತುಂಬಿದೆ ಎಂದು ವಾರಕ್ಕೊಮ್ಮೆ ಎಣಿಸುತ್ತಾರೆ, ಅಷ್ಟೆ.

ಆದದ್ದಿಷ್ಟು. ನಮ್ಮದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಲಾಂಡ್ರಿ. ಹಾಲಿನ ನಡುವೆ ದೊಡ್ಡ ರೋಲರ್ ಇದೆ. ಈ ಕಡೆಯಿಂದ ಒದ್ದೆ ಚಾದರ ಕೊಟ್ಟರೆ ಆ ಕಡೆಯಿಂದ ಹೊಸ ಕಾಗದದ ಹಾಗೆ ಬರುತ್ತದೆ. ಅದಕ್ಕೆ ಹಬೆ ಬಿಡುವ ವಾಲ್ವ್ ಇರುವುದು ಗೋಡೆಯ ಹಿಂದೆ. ಅಲ್ಲಿ ನಿಂತವನಿಗೆ ರೋಲರ್ ಕಾಣುವುದಿಲ್ಲ, ಯಂತ್ರಗಳ ಗದ್ದಲದಲ್ಲಿ ಕೂಗಿದರೂ ಕೇಳುವುದಿಲ್ಲ. ಅದಕ್ಕೇ ನಮ್ಮಲ್ಲೊಂದು ಪದ್ಧತಿ. ವಾಲ್ವಿನವನು ಸ್ಪ್ಯಾನರಿನಿಂದ ಪೈಪಿಗೆ ಎರಡು ಬಡಿಯಬೇಕು: ಬಿಡಲಾ? ರೋಲರಿನವರು ತಿರುಗಿ ಎರಡು ಬಡಿಯಬೇಕು: ಬಿಡು. ಉತ್ತರ ಬಾರದೆ ವಾಲ್ವ್ ಮುಟ್ಟುವಂತಿಲ್ಲ. ಉತ್ತರ ಕೊಟ್ಟವರು ರೋಲರ್ ಬಿಟ್ಟು ಕದಲುವಂತಿಲ್ಲ. ಎಲ್ಲೂ ಬರೆದಿಟ್ಟದ್ದಲ್ಲ, ನಾನು ಸೇರುವ ಮೊದಲಿನಿಂದಲೂ ಇದೆ. ‘ಎರಡಕ್ಕೆ ಎರಡು’ ಎನ್ನುತ್ತೇವೆ.

ಅವತ್ತು ವಾಲ್ವಿನವನು ರಜೆ. ನಾನೇ ನಿಂತಿದ್ದೆ. ಎರಡು ಬಡಿದೆ. ಎರಡು ಕೇಳಿಸಿತು. ಬಿಟ್ಟೆ. ರೋಲರಿನ ಪಕ್ಕದ ಜಾಯಿಂಟು ಸಿಡಿದು ದೊಡ್ಡಮ್ಮನ ಬಲಗೈ ಮೊಣಕೈವರೆಗೆ ಬೆಂದುಹೋಯಿತು. ದೊಡ್ಡಮ್ಮ ಎಂದರೆ ನಮ್ಮ ಹಿರಿಯ ಇಸ್ತ್ರಿಯವಳು. ಯಾರ ದೊಡ್ಡಮ್ಮನೂ ಅಲ್ಲ, ಎಲ್ಲರಿಗೂ ದೊಡ್ಡಮ್ಮ. ಆರು ದಿನ ಆಸ್ಪತ್ರೆಯಲ್ಲಿದ್ದು ನಿನ್ನೆ ಮನೆಗೆ ಬಂದಳಂತೆ.

ನನಗೆ ಒಂದು ಗೀರೂ ಆಗಿಲ್ಲ. ಮರುದಿನವೇ ಕೆಲಸಕ್ಕೆ ಹಾಜರು. ಉಳಿದವರು ಎರಡು ದಿನ ರಜೆ ಹಾಕಿ ಅತ್ತುಕೊಂಡು ಕೂತರು. ಈಗಿನವರಿಗೆ ಗಟ್ಟಿತನವೇ ಇಲ್ಲ.

ಮಾರ್ಚ್ 5, ಬುಧವಾರ

ನಾನು ರಜೆ ಹಾಕದ್ದಕ್ಕೆ ಬಹುಮಾನ ಬಂತು. ಮ್ಯಾನೇಜರ್ ಕರೆದು ನನ್ನನ್ನು ‘ಮನೋಬಲ ಸಂಚಾಲಕ’ ಮಾಡಿದ್ದಾರೆ.

“ನೊಂದವರ ಬೆನ್ನಿಗೆ ನಿಲ್ಲೋರು ಬೇಕು ಮೇಸ್ತ್ರಿ. ನಿಮ್ಮ ಮುಖ ನೋಡಿದ್ರೆ ಏನೂ ಆಗೇ ಇಲ್ಲ ಅನ್ಸುತ್ತೆ.”

“ಏನೂ ಆಗಿಲ್ಲ ಸಾರ್,” ಎಂದೆ.

“ಅದೇ! ಅದೇ ಬೇಕಿರೋದು!” ಎಂದು ಮೇಜು ಗುದ್ದಿದರು. ಆ ಸದ್ದಿಗೆ ನನ್ನ ಕೈಯಲ್ಲಿದ್ದ ಲೋಟ ಜಾರಿ ಅವರ ಕಾಗದಗಳ ಮೇಲೆಲ್ಲ ಚಹಾ. ಲೋಟದ ತಳ ಒದ್ದೆಯಿತ್ತು.

ಇದಕ್ಕೊಂದು ಸಮಿತಿಯೂ ಇದೆ. ಅದರ ಗುರಿ ಇದು: ಮೂವತ್ತೊಂದನೇ ತಾರೀಕು ದೊಡ್ಡ ರೋಲರ್ ಮತ್ತೆ ಶುರು. ಅಷ್ಟರೊಳಗೆ ಘಟನೆಯ ಹೊತ್ತಿಗೆ ಅಲ್ಲಿದ್ದವರ ‘ಚೇತರಿಕೆ ಪತ್ರ’ ಸಹಿಯಾಗಿ ಫೈಲಿಗೆ ಸೇರಬೇಕು. ಸಹಿ ಹಾಕದವರು, ಅವತ್ತು ಕೆಲಸಕ್ಕೆ ಬಾರದವರು ತಾವಾಗಿಯೇ ಕೆಲಸ ಬಿಟ್ಟಂತೆ. ಹಾಗೆಂದರೆ ದೊಡ್ಡಮ್ಮನ ಮೇಲೆಯೇ ಕಣ್ಣು. ಗಂಡನಿಲ್ಲ, ಕಣ್ಣು ಕಾಣದ ತಾಯಿ ಮನೆಯಲ್ಲಿ, ಇಪ್ಪತ್ತು ವರ್ಷದ ನೌಕರಿ. ಅವಳಿಂದ ಸಹಿ ಹಾಕಿಸಿ ಕರೆತರುವ ಹೊಣೆ ನನ್ನದು.

ಅದೇನು ಮಹಾ. ಕೈ ಒಣಗಿದರೆ ಬರುತ್ತಾಳೆ.

ಮಾರ್ಚ್ 7, ಶುಕ್ರವಾರ

ಇಂದು ಬ್ಯಾಡ್ಜು ಹಂಚಿದೆ. ಹಸಿರು ಬ್ಯಾಡ್ಜಿನಲ್ಲಿ ನಗುವ ಮುಖ: ಚೆನ್ನಾಗಿದ್ದೇನೆ. ಹಳದಿಯಲ್ಲಿ ಗೆರೆ ಎಳೆದ ಬಾಯಿ: ಪರವಾಗಿಲ್ಲ. ಕೆಂಪಿನಲ್ಲಿ ಅಳುವ ಮುಖ: ನೆರವು ಬೇಕು. ಬೆಳಿಗ್ಗೆ ಬಂದ ಕೂಡಲೇ ಮನಸ್ಸಿಗೆ ತಕ್ಕದ್ದನ್ನು ಎದೆಗೆ ಚುಚ್ಚಿಕೊಳ್ಳಬೇಕು. ಹಸಿರು ಇನ್ನೂರು ತರಿಸಿದ್ದಾರೆ, ಹಳದಿ ಐವತ್ತು, ಕೆಂಪು ಒಂದು. ಕೆಂಪು ಬೇಕಾದವರು ಮೂರು ದಿನ ಮೊದಲೇ ಅರ್ಜಿ ಕೊಡಬೇಕು.

ಮಧ್ಯಾಹ್ನದ ಹೊತ್ತಿಗೆ ಇಡೀ ಹಾಲು ಹಸಿರು. ಮ್ಯಾನೇಜರ್ ಕೆಳಗಿಳಿದು ಬಂದು ನೋಡಿ, “ನೋಡಿ, ಒಂದೇ ದಿನಕ್ಕೆ!” ಎಂದರು.

ಗಿಣಿಗೆ ಪ್ರಶಸ್ತಿ ಬಂತು. ಗಿಣಿ ಎಂದರೆ ರೋಲರಿನ ಆಚೆ ತುದಿಯಲ್ಲಿ ಚಾದರ ಮಡಚುವ ಹುಡುಗಿ. ಬಾಯಿಗೆ ಬೀಗವಿಲ್ಲ, ಅದಕ್ಕೇ ಆ ಹೆಸರು. ಅವಳ ಮಾತು ತಡೆಯಲಾರದೆ ನಾನು ಎಷ್ಟು ಸಲ ಕಿವಿಗೆ ಹತ್ತಿ ಇಟ್ಟುಕೊಂಡಿದ್ದೇನೋ ಲೆಕ್ಕವಿಲ್ಲ. ಆವತ್ತಿನಿಂದ ಅವಳು ಕೆಲಸದಲ್ಲಿ ಒಂದೇ ಒಂದು ಮಾತಾಡಿಲ್ಲ. ಕೇಳಿದರೆ ತಲೆಯಾಡಿಸುತ್ತಾಳೆ, ಅಷ್ಟೆ. ಮ್ಯಾನೇಜರಿಗೆ ಇದು ಬಹಳ ಹಿಡಿಸಿದೆ. ‘ತಿಂಗಳ ಶಿಸ್ತಿನ ಕೆಲಸಗಾರ್ತಿ’ ಎಂದು ಫಲಕ ಕೊಟ್ಟು ಫೋಟೋ ತೆಗೆಸಿದರು. ಫಲಕ ಹಿಡಿದು ನಿಂತ ಅವಳ ಮುಖ ನೋಡಲಾಗಲಿಲ್ಲ. ನಾನು ಕಿಟಕಿ ಕಡೆ ತಿರುಗಿಕೊಂಡೆ, ಧೂಳು ಬಹಳ ಕೂತಿತ್ತು.

ಮಾರ್ಚ್ 10, ಸೋಮವಾರ

ನಮ್ಮವಳಿಗೆ ಹೊಸ ಹುಚ್ಚು ಹಿಡಿದಿದೆ. ಕುಕ್ಕರನ್ನು ಅಟ್ಟಕ್ಕೆ ಹಾಕಿ ಎಲ್ಲವನ್ನೂ ಪಾತ್ರೆಯಲ್ಲಿ ಬೇಯಿಸುತ್ತಿದ್ದಾಳೆ. ಊಟ ಒಂದು ಗಂಟೆ ತಡ. ಯಾಕೆ ಎಂದರೆ, “ಪಾತ್ರೇಲಿ ಬೇಯಿಸಿದ್ರೆ ರುಚಿ ಕಣ್ರೀ,” ಎನ್ನುತ್ತಾಳೆ. ಮದುವೆಯಾಗಿ ಮೂವತ್ತು ವರ್ಷದ ಮೇಲೆ ರುಚಿ ನೆನಪಾಯಿತು! ಹೋದ ವಾರ ಕುಕ್ಕರ್ ಕೂಗಿದಾಗ ನಾನು ಎದ್ದು ಅಂಗಳಕ್ಕೆ ಹೋಗಿದ್ದೆನಂತೆ, ಬರಿಗಾಲಲ್ಲಿ. ಗಾಳಿಗೆ ಹೋಗಿದ್ದೆ. ಮನುಷ್ಯ ತನ್ನ ಅಂಗಳಕ್ಕೆ ಹೋಗುವುದೂ ಈಗ ಸುದ್ದಿ.

ಲಾಂಡ್ರಿಯಲ್ಲಿ ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದೇನೆ. ಆ ಕಡೆ ನೆರಳು. ರೋಲರಿನ ಪಕ್ಕದಿಂದ ಹೋದರೆ ಹತ್ತಿರ ನಿಜ, ಆದರೆ ನಡೆದರೆ ಮೈಗೆ ಒಳ್ಳೆಯದು.

ಮಾರ್ಚ್ 12, ಬುಧವಾರ

ದೊಡ್ಡಮ್ಮನ ಮನೆಗೆ ಹೋಗಿದ್ದೆ. ಸಂಚಾಲಕನಾಗಿ ಕೊಡಬೇಕಾದ ಸಾಮಾನು: ಸೂರ್ಯಕಾಂತಿ ಪುಸ್ತಕ ಒಂದು, ಹಸಿರು ಬ್ಯಾಡ್ಜು ಒಂದು, ಮನಸ್ಸಿಗೆ ಕಸಿವಿಸಿಯಾದಾಗ ಅಂಗೈಯಲ್ಲಿ ಅದುಮಲು ಮೆತ್ತನೆಯ ರಬ್ಬರ್ ಚೆಂಡು ಒಂದು.

ಬಾಗಿಲು ತೆಗೆದವಳ ಬಲಗೈ ಬೆರಳ ತುದಿಯಿಂದ ಮೊಣಕೈ ದಾಟಿ ಬಟ್ಟೆ ಸುತ್ತಿತ್ತು. ಚೆಂಡನ್ನು ನೋಡಿದಳು.

“ಯಾವ ಕೈಲಿ ಅದುಮಲಿ ಮೇಸ್ತ್ರಿ?”

ಚೆಂಡನ್ನು ಮೇಜಿನ ಮೇಲಿಟ್ಟೆ. ಅದು ಉರುಳಿ ಮಂಚದ ಕೆಳಗೆ ಹೋಯಿತು. ಕಣ್ಣು ಕಾಣದ ಅವಳ ತಾಯಿ, “ಯಾರು, ಇಲಿನಾ?” ಎಂದರು. ನಗು ಬರಬೇಕಾಗಿತ್ತು. ಯಾರೂ ನಗಲಿಲ್ಲ.

ದೊಡ್ಡಮ್ಮ ನನ್ನ ಮುಖ ನೋಡಲೇ ಇಲ್ಲ. ಇಪ್ಪತ್ತು ವರ್ಷ ನನ್ನ ಜೊತೆ ಜಗಳವಾಡಿದವಳು, ನಕ್ಕವಳು, ನನ್ನ ಮಗಳ ಮದುವೆಯ ಬಟ್ಟೆಗಳನ್ನೆಲ್ಲ ತಾನೇ ಇಸ್ತ್ರಿ ಮಾಡಿಕೊಟ್ಟವಳು. ನೆಲ ನೋಡಿಕೊಂಡೇ ಇದ್ದಳು. ನನ್ನ ಮೇಲೆ ಸಿಟ್ಟಿದೆ ಎನ್ನಿಸಿತು. ಇರಲಿ. ನನಗೆ ಕೇಳಿಸಿದ್ದು ಎರಡು. ಇಷ್ಟು ವರ್ಷ ಪೈಪಿಗೆ ಕಿವಿ ಕೊಟ್ಟವನಿಗೆ ಒಂದು ಯಾವುದು ಎರಡು ಯಾವುದು ತಿಳಿಯುವುದಿಲ್ಲವೇ?

ಮಾರ್ಚ್ 14, ಶುಕ್ರವಾರ

ಇವತ್ತಿನದನ್ನು ಸರಿಯಾಗಿ ಬರೆಯಬೇಕು, ಆಮೇಲೆ ನಂಬಲಾಗುವುದಿಲ್ಲ.

ಹೊರಗಿನಿಂದ ಒಬ್ಬ ಮೇಡಮ್ ಬಂದಿದ್ದರು, ನೊಂದ ಮನಸ್ಸಿಗೆ ಸಮಾಧಾನ ಹೇಳುವುದು ಅವರ ಕೆಲಸ. ನಮ್ಮವರು ಆಗಲೇ ‘ಸಮಾಧಾನದ ಮೇಡಮ್’ ಎಂದು ಹೆಸರಿಟ್ಟಾಗಿದೆ. ಊಟದ ಕೋಣೆಯಲ್ಲಿ ಅರವತ್ತು ಜನರನ್ನು ಕೂರಿಸಿ ಕಣ್ಣು ಮುಚ್ಚಿಸಿದರು. ಮೆಲುದನಿ, ಒಳ್ಳೆಯ ಹೆಂಗಸು.

“ಈಗ ಮೂಗಿಂದ ನಿಧಾನಕ್ಕೆ ಉಸಿರು ಎಳ್ಕೊಳ್ಳಿ. ನಿಮ್ಮ ನೋವನ್ನೆಲ್ಲ ಒಟ್ಟು ಮಾಡಿ. ಈಗ ಹಲ್ಲು ಕಚ್ಚಿ, ಸಂದಿಯಿಂದ ಅದನ್ನ ಹೊರಗೆ ಬಿಡಿ. ಎಲ್ಲರೂ ಒಟ್ಟಿಗೆ. ಸ್‌ಸ್‌ಸ್‌ಸ್‌ಸ್...”

ಹಬೆಯ ಕೆಲಸ ಮಾಡುವವರಿಗೆ ಯಾರಾದರೂ ಈ ಸದ್ದು ಹೇಳಿಕೊಡುತ್ತಾರೆಯೇ? ಜಾಯಿಂಟು ಸಿಡಿಯುವ ಮುಂಚೆ ಬಂದದ್ದು ಇದೇ ಸದ್ದು. ಅರವತ್ತು ಬಾಯಿಂದ ಒಮ್ಮೆಗೇ ಬಂತು. ಅರೆಕ್ಷಣ, ಅಷ್ಟೆ. ಬೆಂಚುಗಳು ಉರುಳಿದವು. ಎರಡು ಬಾಗಿಲಿಗೂ ಜನ ನುಗ್ಗಿದರು. ಒಗೆಯುವ ವಿಭಾಗದವರು ಕಿಟಕಿಯಿಂದ ಹಾರಿದರು. ಗಿಣಿ ಚಪ್ಪಲಿ ಬಿಟ್ಟು ಓಡಿದವಳು ಗೇಟಿನ ಹತ್ತಿರ ಸಿಕ್ಕಳು. ಗೇಟಿನ ಕಾವಲಿನವನು ಓಡಿಬಂದವರನ್ನು ನೋಡಿ ಬೆಂಕಿಯೇ ಬಿದ್ದಿದೆ ಎಂದು ಗಂಟೆ ಬಾರಿಸಿದ. ಮ್ಯಾನೇಜರ್ ಮಹಡಿಯಿಂದ ಫೈಲು ಹಿಡಿದುಕೊಂಡು ಇಳಿದು ಬಂದರು.

ಕೋಣೆಯಲ್ಲಿ ಉಳಿದವರು ಮೇಡಮ್ ಒಬ್ಬರೇ, ಇನ್ನೂ ಕಣ್ಣು ಮುಚ್ಚಿಕೊಂಡು. ಮತ್ತೆ ನಾನು. ನಾನು ಮೇಜಿನ ಕೆಳಗಿದ್ದೆ. ಪೆನ್ನು ಬಿದ್ದಿತ್ತು.

ಮೇಡಮ್ ಬಗ್ಗಿ ಮೇಜಿನ ಕೆಳಗೆ ನೋಡಿ, “ನೀವು ಹೇಗಿದ್ದೀರಿ ಸರ್?” ಎಂದರು.

“ಫಸ್ಟ್ ಕ್ಲಾಸ್ ಮೇಡಮ್. ಪೆನ್ನು ಹುಡುಕ್ತಾ ಇದೀನಿ.”

“ಪೆನ್ನು ನಿಮ್ಮ ಜೇಬಲ್ಲಿದೆ.”

ಹೌದು, ಇತ್ತು. ಅವರ ಕಣ್ಣಲ್ಲೂ ನೀರಿತ್ತು. ಯಾಕೋ ಕಾಣೆ. ಮ್ಯಾನೇಜರ್ ವರದಿಯಲ್ಲಿ ಬರೆಸಿದ್ದು: ‘ಉಸಿರಾಟದ ಶಿಬಿರದಲ್ಲಿ ಕೆಲಸಗಾರರು ಅತ್ಯಂತ ಚುರುಕಾಗಿ ಪಾಲ್ಗೊಂಡರು.’

ಮಾರ್ಚ್ 17, ಸೋಮವಾರ

ಎರಡು. ಇಲ್ಲ, ಮೊದಲನೆಯದು ಖಂಡಿತ. ಎರಡನೆಯದು ಯಾರಾದರೂ ಬಕೆಟ್ ಇಟ್ಟ ಸದ್ದೂ ಆಗಿರಬಹುದು.

ಮಾರ್ಚ್ 19, ಬುಧವಾರ

ಇಂದು ಬಹಳ ದಿನದ ಮೇಲೆ ರೋಲರಿನ ಕಡೆಯಿಂದ ಹೋದೆ. ಪೈಪಿಗೆಲ್ಲ ಹಳದಿ ಬಣ್ಣ ಹೊಡೆದಿದ್ದಾರೆ. ಸಿಡಿದ ಜಾಗದಲ್ಲಿ ದುಂಡಗೆ ಒಬ್ಬ ನಗುವ ಸೂರ್ಯ. ಗೋಡೆಯ ಮೇಲೆ ಅಂಗೈಯಗಲದ ಅಕ್ಷರ: ‘ನಿನ್ನೆಯನ್ನು ಒಗೆದುಬಿಡಿ, ನಾಳೆಯನ್ನು ಇಸ್ತ್ರಿ ಮಾಡಿ.’ ಪೈಪು ರಿಪೇರಿಯ ಫಿಟ್ಟರ್ ಇನ್ನೂ ಏಣಿಯ ಮೇಲಿದ್ದ.

“ಏನಯ್ಯಾ ಇದು?”

“ಬಣ್ಣ ಹೊಡಿ ಅಂದ್ರು, ಹೊಡೆದೆ.”

“ಜಾಯಿಂಟು?”

“ಅದೂ ಹಳದಿನೇ.”

“ಅಲ್ಲಯ್ಯಾ, ಬದಲಾಯಿಸಿದ್ಯಾ ಅಂತ ಕೇಳ್ತಿದೀನಿ.”

ಫಿಟ್ಟರ್ ಬ್ರಷ್ಷು ಡಬ್ಬದಲ್ಲಿಟ್ಟು ಇಳಿದು ಬಂದ. “ಹಳೇದಕ್ಕೇ ಕ್ಲ್ಯಾಂಪ್ ಹಾಕಿ ಬಿಗಿದಿದೀನಿ ಮೇಸ್ತ್ರಿ. ಹೊಸದು ಬೇಕು ಅಂತ ಬರ್ದುಕೊಟ್ಟೆ. ಮೊದಲು ಮನಸ್ಸುಗಳು ಸರಿಹೋಗ್ಲಿ, ಜಾಯಿಂಟು ಆಮೇಲೆ ನೋಡೋಣ ಅಂದ್ರು.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಕೆಟ್ಟದ್ದು ಜಾಯಿಂಟು, ರಿಪೇರಿ ನಮಗೆ!

ಆಮೇಲೆ ಆಫೀಸಿಗೆ ಹೋಗಿ ದೂರು ಪುಸ್ತಕ ತೆಗೆದು ನೋಡಿದೆ. ನವೆಂಬರಿನಲ್ಲಿ, ಡಿಸೆಂಬರಿನಲ್ಲಿ, ಜನವರಿಯಲ್ಲಿ, ಮೂರು ಸಲ ದೊಡ್ಡಮ್ಮ ಹೇಳಿದ್ದಾಳೆ, ಮೂರು ಸಲ ನಾನೇ ಬರೆದಿದ್ದೇನೆ: ‘ರೋಲರಿನ ಪಕ್ಕದ ಜಾಯಿಂಟು ಸೋರುತ್ತಿದೆ.’ ನನ್ನದೇ ಕೈಬರಹ. ಪ್ರತಿಯೊಂದರ ಮುಂದೆ ಮ್ಯಾನೇಜರ್ ಸಹಿ, ಮತ್ತು ‘ಗಮನಿಸಲಾಗಿದೆ’. ಬರೆದದ್ದು ನನಗೆ ಮರೆತೇ ಹೋಗಿತ್ತು. ಹೇಗೆ ಮರೆಯಿತು? ನನಗೆ ಬಟ್ಟೆಯ ಒಂದು ಗುಂಡಿ ಕಳೆದರೂ ನೆನಪಿರುತ್ತದೆ.

ಮಾರ್ಚ್ 20, ಗುರುವಾರ

ಚೇತರಿಕೆ ಪತ್ರಗಳು ಬಂದವು. ಮೂರು: ದೊಡ್ಡಮ್ಮನಿಗೆ, ಗಿಣಿಗೆ, ನನಗೆ. ನನಗೂ ಒಂದು ಇದೆ ಎಂದು ಗೊತ್ತಿರಲಿಲ್ಲ.

ಒಂಬತ್ತು ಸಾಲು. ಮೊದಲನೆಯದು, ‘ನಿಮ್ಮ ಹೆದರಿಕೆಗೆ ಹತ್ತರಲ್ಲಿ ಎಷ್ಟು ಅಂಕ ಕೊಡುತ್ತೀರಿ?’ ನಿದ್ದೆ ಬರುತ್ತದೆಯೇ, ಹಸಿವಾಗುತ್ತದೆಯೇ, ಹೀಗೇ ಎಂಟರವರೆಗೆ. ಒಂಬತ್ತನೆಯದು ಹೀಗಿದೆ: ‘ಘಟನೆಯಲ್ಲಿ ನನ್ನಿಂದಾದ ತಪ್ಪಿಗಾಗಿ ನನ್ನನ್ನು ನಾನು ಮನಃಪೂರ್ವಕವಾಗಿ ಕ್ಷಮಿಸಿದ್ದೇನೆ.’ ಅದರ ಕೆಳಗೆ ಸಹಿ, ತಾರೀಕು.

ಓದಿ ಪತ್ರ ಮಗುಚಿಟ್ಟೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಇವರಿಗೆ ಹೇಗೆ ಗೊತ್ತಾಯಿತು? ನಾನು ಯಾರಿಗೂ ಹೇಳಿಲ್ಲವಲ್ಲ, ಆ ಎರಡನೆಯ ಬಡಿತದ ವಿಷಯ. ಬರೆದದ್ದು ಇದೊಂದು ಪುಸ್ತಕದಲ್ಲಿ.

ಇವತ್ತು ಪುಟ ಎಣಿಸಲು ಕೇಳಿದರು. ಮನೆಯಲ್ಲಿ ಮರೆತೆ ಎಂದೆ. ಮರೆತಿರಲಿಲ್ಲ, ಚೀಲದಲ್ಲೇ ಇತ್ತು. ಇಪ್ಪತ್ತಾರು ವರ್ಷದಲ್ಲಿ ಮೇಲಿನವರಿಗೆ ಹೇಳಿದ ಮೊದಲ ಸುಳ್ಳು.

ಮಾರ್ಚ್ 23, ಭಾನುವಾರ

ನಮ್ಮವಳು, “ನಾನೂ ಬರ್ತೀನಿ,” ಎಂದು ಹಟ ಹಿಡಿದಳು. ಇಬ್ಬರೂ ದೊಡ್ಡಮ್ಮನ ಮನೆಗೆ ಹೋದೆವು. ಬಾಗಿಲಲ್ಲೇ ಇವಳು, “ಅಕ್ಕಾ, ತಲೆ ಬಾಚ್ಕೊಂಡು ಎಷ್ಟು ದಿನ ಆಯ್ತು?” ಎಂದಳು. ಉತ್ತರಕ್ಕೆ ಕಾಯದೆ ಬಾಚಣಿಗೆ ಹುಡುಕಿ ಅವಳ ಹಿಂದೆ ಕೂತಳು. ಒಂದು ಕೈಯಲ್ಲಿ ಜಡೆ ಹೆಣೆಯಲಾಗುವುದಿಲ್ಲ ಎಂಬುದು ಇಡೀ ಸಮಿತಿಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಸಂಚಾಲಕನಿಗೂ.

ನಾನು ಪತ್ರ ಓದಿ ಹೇಳಿದೆ. ಎಂಟರವರೆಗೆ ದೊಡ್ಡಮ್ಮ ಹೂಂ ಎಂದಳು. ಒಂಬತ್ತನೆಯದು ಕೇಳಿದ್ದೇ ತಡ, ಜಡೆ ಬಿಡಿಸಿಕೊಂಡು ಎದ್ದು ನಿಂತಳು. ಮುಖ ಬಿಳಿಚಿಕೊಂಡಿತ್ತು.

“ಗೊತ್ತಾಗ್ಹೋಯ್ತಾ ಮೇಸ್ತ್ರಿ? ನೀವೇ ಹೇಳಿದ್ರಾ?”

“ಏನನ್ನ?”

“ನಾನು ಒಂದೇ ಹೊಡ್ದೆ ಅಂತ.”

ಅವಳು ಒಂದೇ ಸಮ ಹೇಳುತ್ತ ಹೋದಳು. “ಒಂದು ಹೊಡೆದಿದ್ದು ನೆನಪಿದೆ. ಆಮೇಲೆ ಚಾದರ ಸಿಕ್ಕಾಕ್ಕೊಂಡಿತ್ತು, ಎಳೀತಿದ್ದೆ. ಎರಡನೇದು ಹೊಡೆದ್ನೋ ಇಲ್ವೋ ನೆನಪೇ ಆಗ್ತಿಲ್ಲ. ಕಣ್ಮುಚ್ಚಿದ್ರೆ ಅದೇ. ನನ್ನ ತಪ್ಪಿಗೆ ನಿಮ್ಮ ಹೆಸರು ಕೆಡ್ತಲ್ಲ ಅಂತ ನಿಮ್ಮ ಮುಖ ನೋಡಕ್ಕೂ ಆಗ್ಲಿಲ್ಲ ನಂಗೆ.”

“ದೊಡ್ಡಮ್ಮಾ,” ಎಂದೆ. “ನಂಗೆ ಎರಡು ಕೇಳಿಸ್ತು. ಆದ್ರೆ ನಾನೇ ಅವಸರದಲ್ಲಿ ಒಂದನ್ನ ಎರಡು ಅಂದ್ಕೊಂಡು ಬಿಟ್ಬಿಟ್ನೇನೋ ಅಂತ ನಾನು... ನಿಮ್ಮ ಕೈ ಸುಟ್ಟಿದ್ದು ನಾನು ಅಂತ...”

ಮುಂದೆ ಆಗಲಿಲ್ಲ. ಅತ್ತೆ. ಹೆಂಡತಿಯ ಮುಂದೆ, ದೊಡ್ಡಮ್ಮನ ಮುಂದೆ, ಐವತ್ತನಾಲ್ಕು ವರ್ಷದ ಗಂಡಸು ಚಿಕ್ಕ ಮಗುವಿನ ಹಾಗೆ ಅತ್ತೆ. ದೊಡ್ಡಮ್ಮನೂ ಅತ್ತಳು. ನಮ್ಮವಳು ಒಬ್ಬಳೇ ಅಳಲಿಲ್ಲ. ಬಾಚಣಿಗೆ ಹಿಡಿದುಕೊಂಡೇ ಕೇಳಿದಳು:

“ಅಲ್ಲಾ, ಒಂದೋ ಎರಡೋ ಇರ್ಲಿ. ಬಡಿದ್ರೆ ಜಾಯಿಂಟು ಒಡೆಯುತ್ತಾ? ಬಡೀದೆ ಇದ್ರೆ ಗಟ್ಟಿಯಾಗುತ್ತಾ?”

ನಾವಿಬ್ಬರೂ ಅವಳ ಮುಖ ನೋಡಿದೆವು. ಇಬ್ಬರದೂ ಸೇರಿ ನಲವತ್ತಾರು ವರ್ಷದ ಅನುಭವ. ತೂತಾದ ಜಾಯಿಂಟು, ನೂರು ಸಲ ಬಡಿದಿದ್ದರೂ ಒಡೆಯುತ್ತಿತ್ತು. ಮೂರು ಸಲ ಬರೆದುಕೊಟ್ಟಿದ್ದೆವು. ಮೂರು ಸಲ ಗಮನಿಸಲಾಗಿತ್ತು. ತಪ್ಪು ಮಾಡಿದವರು ಬಣ್ಣ ಹೊಡೆಸಿಕೊಂಡು ಕೂತಿದ್ದಾರೆ, ನಾವಿಬ್ಬರು ತಿಂಗಳಿಂದ ಒಬ್ಬರ ಮುಖ ಒಬ್ಬರು ನೋಡದೆ ನಮ್ಮನ್ನು ನಾವೇ ನೇಣಿಗೆ ಹಾಕಿಕೊಳ್ಳುತ್ತಿದ್ದೇವೆ. ಥೂ ನಮ್ಮ ಬುದ್ಧಿಗೆ!

ಮಂಚದಿಂದ ತಾಯಿ, “ಯಾಕೆ ಎಲ್ಲಾ ಅಳ್ತಿದೀರಿ? ಆ ಇಲಿ ಸತ್ತೋಯ್ತಾ?” ಎಂದರು. ಈ ಸಲ ಎಲ್ಲರೂ ನಕ್ಕೆವು. ದೊಡ್ಡಮ್ಮ ನಕ್ಕು ನಕ್ಕು ಕೈ ನೋವಾಗಿ ಮತ್ತೆ ಅತ್ತಳು.

ದಾರಿಯಲ್ಲಿ ಇವಳು ಕೇಳಿದಳೆಂದು ಎರಡಕ್ಕೆ ಎರಡರ ಪದ್ಧತಿ ಪೂರ್ತಿ ವಿವರಿಸಿದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. “ಎಷ್ಟು ಚೆನ್ನಾಗಿದೆ,” ಎಂದಳು.

ಮಾರ್ಚ್ 25, ಮಂಗಳವಾರ

ಸಮಾಧಾನದ ಮೇಡಮ್ ಬಂದಿದ್ದರು. ಒಂಬತ್ತನೆಯ ಸಾಲು ತೋರಿಸಿ ಕೇಳಿದೆ. ಓದಿ ಕೆಂಪಾದರು. “ನಾನು ಬರೆದುಕೊಟ್ಟಿದ್ದು ಎಂಟೇ,” ಎಂದರು. ಸೀದಾ ಮಹಡಿ ಹತ್ತಿ ಹೋದರು. ಇಳಿದು ಬರುವಾಗ ಎದೆಯ ಮೇಲೆ ಆ ಒಂದೇ ಒಂದು ಕೆಂಪು ಬ್ಯಾಡ್ಜು ಇತ್ತು. ಅರ್ಜಿಯಿಲ್ಲದೆ ಹೇಗೆ ಸಿಕ್ಕಿತೋ.

ಮಾರ್ಚ್ 28, ಶುಕ್ರವಾರ

ಮ್ಯಾನೇಜರ್ ಮೂರು ಸಲ ಕರೆದರು. “ಸಹಿ ಆಯ್ತಾ?” “ಇನ್ನೂ ಇಲ್ಲ ಸಾರ್.” “ಸೋಮವಾರ ಹೆಡ್ ಆಫೀಸಿನವರು ಬರ್ತಾರೆ. ಮೂರೂ ಪತ್ರ ಫೈಲಲ್ಲಿರ್ಬೇಕು. ಇಲ್ದಿದ್ರೆ ಆಯಮ್ಮನ ಜಾಗಕ್ಕೆ ಬೇರೆಯವರು ಬರ್ತಾರೆ, ಮತ್ತೆ ನಿಮ್ಮ ಜಾಗಾನೂ ನೋಡ್ಬೇಕಾಗುತ್ತೆ.”

ಕೆಳಗೆ ಬಂದು ಗಿಣಿಯ ಪಕ್ಕ ಕೂತು, ಅವಳ ಪತ್ರ ಅವಳ ಕೈಗೆ ಕೊಟ್ಟು, ಜಾಯಿಂಟಿನ ಕಥೆ ಹೇಳಿದೆ. ತಲೆಯಾಡಿಸಿದಳು. ಪತ್ರವನ್ನು ಚಾದರ ಮಡಚಿದ ಹಾಗೆ ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡಳು.

ನನಗೆ ಹೆದರಿಕೆ ಇದೆ. ಬರೆದುಬಿಟ್ಟೆ. ಹತ್ತಕ್ಕೆ ಒಂಬತ್ತು. ವಾಲ್ವ್ ಹಿಡಿಯುವುದನ್ನು ನೆನೆದರೆ ಕೈ ತಣ್ಣಗಾಗುತ್ತದೆ.

ಮಾರ್ಚ್ 31, ಸೋಮವಾರ

ಹಾಲಿಗೆ ಬಣ್ಣದ ಕಾಗದ ಕಟ್ಟಿದ್ದರು. ಭಾಷಣಕ್ಕೆಂದು ಯಂತ್ರಗಳನ್ನೆಲ್ಲ ನಿಲ್ಲಿಸಿದ್ದರಿಂದ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಹೆಡ್ ಆಫೀಸಿನಿಂದ ಕನ್ನಡಕದ ಹೆಂಗಸೊಬ್ಬರು ಬಂದಿದ್ದರು. ದೊಡ್ಡಮ್ಮ ಬಂದಳು, ಕೈಗೆ ಬಟ್ಟೆ ಸುತ್ತಿಕೊಂಡೇ, ಬಿಗಿಯಾಗಿ ಹೆಣೆದ ಜಡೆಯಲ್ಲಿ. ಅದನ್ನು ಹೆಣೆಯಲು ನಮ್ಮವಳು ಬೆಳಿಗ್ಗೆ ಆರಕ್ಕೇ ಹೋಗಿದ್ದಳು. ರೋಲರಿನ ಪಕ್ಕ ಸ್ಟೂಲಿನ ಮೇಲೆ ಕೂತಳು. ಗಿಣಿ ಅವಳ ಹತ್ತಿರ ಸ್ಪ್ಯಾನರ್ ಹಿಡಿದು ನಿಂತಳು.

ಮ್ಯಾನೇಜರ್ ಚೇತರಿಕೆಯ ಬಗ್ಗೆ ಹದಿನೈದು ನಿಮಿಷ ಮಾತಾಡಿ, “ಈಗ ನಮ್ಮ ಮೇಸ್ತ್ರಿಯವರು ಹೊಸ ಆರಂಭಕ್ಕೆ ಹಬೆ ಬಿಡ್ತಾರೆ,” ಎಂದರು.

ಗೋಡೆಯ ಹಿಂದೆ ಹೋದೆ. ವಾಲ್ವಿನವನು ಪಕ್ಕಕ್ಕೆ ಸರಿದು ನಿಂತ. ಎರಡು ಬಡಿದೆ.

ಉತ್ತರ ಬರಲಿಲ್ಲ.

ಮತ್ತೆ ಎರಡು ಬಡಿದೆ. ಇಲ್ಲ. ಅವರಿಬ್ಬರ ಜೊತೆ ನಾನು ಏನೂ ಮಾತಾಡಿಕೊಂಡಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ. ಆದರೆ ಆ ಮೌನ ಅರ್ಥವಾಯಿತು, ಎದೆ ತುಂಬಿಬಂತು.

ಮ್ಯಾನೇಜರ್ ಗೋಡೆ ಸುತ್ತಿ ಬಂದರು. “ಯಾಕ್ರೀ ಬಿಡ್ತಿಲ್ಲ?”

“ಉತ್ತರ ಬಂದಿಲ್ಲ ಸಾರ್.”

“ಉತ್ತರ ಏನ್ರೀ ಉತ್ತರ? ನಾನು ಹೇಳ್ತಿದೀನಿ, ಬಿಡ್ರೀ!”

“ಉತ್ತರ ಬಾರದೆ ವಾಲ್ವ್ ಮುಟ್ಟೋ ಹಾಗಿಲ್ಲ ಸಾರ್.”

ಮ್ಯಾನೇಜರ್ ದುಡುದುಡು ರೋಲರಿನ ಹತ್ತಿರ ಹೋಗಿ ಗಿಣಿಗೆ, “ಹೊಡಿಯಮ್ಮಾ!” ಎಂದರು. ಆಗ ಕೇಳಿಸಿತು, ಐದು ವಾರದ ಮೇಲೆ, ಗೋಡೆಯಾಚೆಯಿಂದ ಆ ದನಿ:

“ಜಾಯಿಂಟು ಹೊಸದು ಹಾಕಿ, ಆಮೇಲೆ ಹೊಡೀತೀನಿ.”

ಅಷ್ಟಕ್ಕೇ ನಿಲ್ಲಿಸಿದರೆ ಅವಳು ಗಿಣಿ ಹೇಗಾದಾಳು? ಮೂರು ದೂರಿನಿಂದ ಶುರು ಮಾಡಿ, ಬಣ್ಣ, ಬ್ಯಾಡ್ಜು, ಚೆಂಡು, ತನ್ನ ಫಲಕ, ಒಂಬತ್ತನೆಯ ಸಾಲು, ಒಂದನ್ನೂ ಬಿಡಲಿಲ್ಲ. ಉಸಿರು ತೆಗೆದುಕೊಂಡಳೋ ಇಲ್ಲವೋ ತಿಳಿಯದು. ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದವನು ನಾನು, ಇವತ್ತು ಗೋಡೆಗೆ ಕಿವಿ ಹಚ್ಚಿ ಕೇಳಿದೆ.

ಗೋಡೆಯ ಅಂಚಿನಿಂದ ಇಣುಕಿದೆ. ಮ್ಯಾನೇಜರಿಗೆ ತಲೆ ಕೆಟ್ಟಿತ್ತು. ಅವಳ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡು ತಾವೇ ಪೈಪಿಗೆ ಟಣ್ ಟಣ್ ಎಂದು ಎರಡು ಬಾರಿಸಿದರು. “ತಗೊಳ್ಳಿ ನಿಮ್ಮ ಉತ್ತರ!” ಎಂದು ಕೂಗಿ, ಅತಿಥಿಗಳು ಕೂತಿದ್ದ ಕಡೆಗೆ ಹೊರಟರು.

ನಾನು ಗೋಡೆಯ ಹಿಂದಿನಿಂದ ಹಾಲಿಗೆ ಬಂದೆ.

“ಸಾರ್, ಉತ್ತರ ಕೊಟ್ಟವರು ಅಲ್ಲೇ ನಿಂತಿರ್ಬೇಕು. ಜಾಯಿಂಟಿನ ಪಕ್ಕ. ಅದು ಪದ್ಧತಿ. ನೀವು ನಿಂತ್ಕೊಳ್ಳಿ, ನಾನು ಈಗ್ಲೇ ಬಿಡ್ತೀನಿ.”

ಇಡೀ ಹಾಲು ಅವರನ್ನು ನೋಡಿತು. ಅವರು ಹಳದಿ ಸೂರ್ಯನನ್ನು ನೋಡಿದರು. ಸೂರ್ಯ ನಗುತ್ತಿದ್ದ. ದೊಡ್ಡಮ್ಮ ಸ್ಟೂಲಿನಿಂದ ಎದ್ದು, “ಬನ್ನಿ ಸಾರ್, ನಾನು ನಿಲ್ತಿದ್ದ ಜಾಗ ಇದೇ,” ಎಂದು ಜಾಗ ಬಿಟ್ಟುಕೊಟ್ಟಳು. ಮರ್ಯಾದೆಯಾಗಿಯೇ ಹೇಳಿದಳು.

ಮ್ಯಾನೇಜರ್ ಒಂದು ಹೆಜ್ಜೆ ಹಿಂದೆ ಸರಿದರು. ಮತ್ತೊಂದು. “ಇವತ್ತು ಬೇಡ,” ಎಂದರು, ಬಹಳ ಮೆಲ್ಲಗೆ.

ಕನ್ನಡಕದ ಹೆಂಗಸು ಎದ್ದು, “ಆ ದೂರಿನ ಪುಸ್ತಕ ತಗೊಂಡು ಬನ್ನಿ,” ಎಂದರು.

ನನ್ನ ಪತ್ರವನ್ನು ಅವರ ಕೈಗೇ ಕೊಟ್ಟೆ. ಹೆದರಿಕೆಯ ಮುಂದೆ ಒಂಬತ್ತು ಎಂದು ಹಾಕಿದ್ದೆ. ಒಂಬತ್ತನೆಯ ಸಾಲಿನ ಮುಂದೆ: ‘ಕ್ಷಮಿಸಲು ನಾವಿಬ್ಬರೂ ಏನೂ ಮಾಡಿಲ್ಲ.’

ಏಪ್ರಿಲ್ 3, ಗುರುವಾರ

ಹೊಸ ಜಾಯಿಂಟು ಬಂತು. ಫಿಟ್ಟರ್ ಕೂರಿಸಿದ. ಬಣ್ಣ ಹೊಡೆಯಲು ಬಿಡಲಿಲ್ಲ, ಸೋರಿದರೆ ಕಾಣಬೇಕಲ್ಲ. ಒಂಬತ್ತನೆಯ ಸಾಲನ್ನು ಹೊಡೆದುಹಾಕಿದ್ದಾರೆ. ಕೈ ವಾಸಿಯಾಗುವವರೆಗೆ ದೊಡ್ಡಮ್ಮನ ಕೆಲಸ ಸ್ಟೂಲಿನ ಮೇಲೆ ಕೂತು ಉತ್ತರ ಕೊಡುವುದಷ್ಟೇ. ಮ್ಯಾನೇಜರ್ ಮೂರು ದಿನದಿಂದ ರಜೆ. ಅವರ ಮೇಜಿನ ಮೇಲೆ ಯಾರೋ ಒಂದು ರಬ್ಬರ್ ಚೆಂಡು ಇಟ್ಟಿದ್ದಾರೆ. ಗಿಣಿಯನ್ನು ಕೇಳಿದರೆ ಬೇರೆ ಮಾತು ಶುರು ಮಾಡುತ್ತಾಳೆ, ಮುಗಿಸುವುದಿಲ್ಲ.

ವಾಲ್ವಿನವನು, “ನಾನೇ ಬಿಡ್ತೀನಿ,” ಎಂದ. “ಬೇಡ, ಇದೊಂದು ಸಲ ನಾನು,” ಎಂದೆ. ಎರಡು ಬಡಿದೆ. ಎರಡು ಬಂತು, ಎಡಗೈಯ ಬಡಿತ, ಸ್ವಲ್ಪ ಸೊಟ್ಟ. ಬಿಟ್ಟೆ. ಹಬೆ ಹೋಯಿತು. ಏನೂ ಆಗಲಿಲ್ಲ. ಗೋಡೆಗೆ ಹಣೆ ಆನಿಸಿ ಸ್ವಲ್ಪ ಹೊತ್ತು ನಿಂತಿದ್ದೆ.

ಮನೆಗೆ ಬಂದರೆ ಕುಕ್ಕರ್ ಅಟ್ಟದಿಂದ ಇಳಿದಿದೆ. ಒಲೆಯ ಮೇಲೆ ಕೂತಿದೆ. ಪಾತ್ರೆಯ ರುಚಿ ಎಲ್ಲಿ ಹೋಯಿತು ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ಇದನ್ನು ಬರೆಯುತ್ತ ಹೊರಗಿನ ಕೋಣೆಯಲ್ಲಿ ಕೂತಿದ್ದೇನೆ. ಈಗಷ್ಟೇ ಅಡುಗೆಮನೆಯ ಗೋಡೆಗೆ ಸೌಟಿನಿಂದ ಎರಡು ಬಡಿದಳು.

ಪೆನ್ನು ಕೆಳಗಿಟ್ಟೆ. ಮೇಜಿನ ಮೇಲೆ ಎರಡು ಬಡಿದೆ.

ಕುಕ್ಕರ್ ಕೂಗಿತು. ಕೂತೇ ಇದ್ದೇನೆ.